ಹೊಸ ಡ್ರೈವ್ ಕಂಪ್ಯೂಟರಿಗೆ ಕಾಣುತ್ತಿಲ್ಲವೇ?

ಹಳೆಯ ಕಂಪ್ಯೂಟರ್ ತೆವಳತೊಡಗಿದಾಗ ಈಗ ಎಲ್ಲರೂ ಕೊಡುವ ಸಲಹೆ ಒಂದೇ: 'ಒಂದು ಎಸ್.ಎಸ್.ಡಿ. ಹಾಕಿಸಿ.' ಸಲಹೆ ಸರಿಯಾದದ್ದೇ. ಹೊಸ ಯಂತ್ರ ಕೊಳ್ಳುವ ಖರ್ಚಿಲ್ಲದೆ ಹಳೆಯದಕ್ಕೆ ಮರುಜೀವ ಬರುತ್ತದೆ. ಆದರೆ ಡ್ರೈವ್ ತಂದು, ಜೋಡಿಸಿ, ಸ್ವಿಚ್ ಒತ್ತಿದರೆ ತೆರೆಯ ಮೇಲೆ ಅದರ ಸುಳಿವೇ ಇರುವುದಿಲ್ಲ! ಅಂಗಡಿಯವರು ಕೆಟ್ಟ ಮಾಲು ಕೊಟ್ಟರೆಂದು ಅಪ್ಪನ ಸಿಟ್ಟು, ತಾನೇ ಏನೋ ಕೆಡಿಸಿದೆನೆಂದು ಮಗನ ಅಳುಕು.

ಮಿರ್ಲೆ, ಭೇರ್ಯ, ಸಾಲಿಗ್ರಾಮದಂಥ ಊರುಗಳವರು ಇಂಥ ವೇಳೆಯಲ್ಲಿ ಕಂಪ್ಯೂಟರ್ ಹೊತ್ತು ಕೆ.ಆರ್. ನಗರಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು. ಒಂದು ದಿನದ ಕೆಲಸ ಕೆಟ್ಟಿತು, ರಿಪೇರಿ ಖರ್ಚು ಬೇರೆ. ವಾಸ್ತವವಾಗಿ ಅನೇಕ ಸಲ ದೋಷ ಡ್ರೈವಿನಲ್ಲಿ ಇರುವುದೇ ಇಲ್ಲ. ಕ್ರಮವಾಗಿ ಪರೀಕ್ಷಿಸಿದರೆ ಕಾರಣ ಮನೆಯಲ್ಲೇ ಗೊತ್ತಾಗುತ್ತದೆ.

ಏನಿದು ಎಸ್.ಎಸ್.ಡಿ.?

ಎಸ್.ಎಸ್.ಡಿ. ಎಂದರೆ ಸಾಲಿಡ್ ಸ್ಟೇಟ್ ಡ್ರೈವ್. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಮಾಹಿತಿ ಇರುವುದು ತಿರುಗುವ ತಟ್ಟೆಗಳ ಮೇಲೆ, ಕಾಂತೀಯ ಗುರುತುಗಳಾಗಿ. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಆದರೂ ಅದು ಹಿಡಿಸಿಕೊಳ್ಳುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವೇ ಇಲ್ಲ. ಸಿಲಿಕಾನ್ ಚಿಪ್ಪಿನ ಅತಿ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಸೆರೆಹಿಡಿದು ಮಾಹಿತಿಯನ್ನು ಉಳಿಸಲಾಗುತ್ತದೆ. ಈ 'ಫ್ಲ್ಯಾಶ್' ಸ್ಮೃತಿಯನ್ನು 1980ರ ದಶಕದಲ್ಲಿ ರೂಪಿಸಿದವರು ಜಪಾನಿನ ತೋಶಿಬಾ ಸಂಸ್ಥೆಯ ಫುಜಿಯೊ ಮಸುಓಕ. ತಟ್ಟೆ ತಿರುಗಿ, ಮುಳ್ಳು ಸರಿದು ಜಾಗ ಹುಡುಕುವ ತನಕ ಕಾಯಬೇಕಾಗಿಲ್ಲವಾದ್ದರಿಂದಲೇ ಇದಕ್ಕೆ ಅಷ್ಟು ವೇಗ.

ಮೊದಲ ಪ್ರಶ್ನೆ

ರೋಗಿಯನ್ನು ನೋಡುವ ವೈದ್ಯರು ಮೊದಲು ನಾಡಿ ಹಿಡಿಯುತ್ತಾರೆ. ಇಲ್ಲಿ ನಾಡಿಯೆಂದರೆ 'ಬಯೋಸ್'. ವಿಂಡೋಸ್ ಎಚ್ಚರಗೊಳ್ಳುವ ಮುನ್ನವೇ ಓಡುವ, ಮದರ್‌ಬೋರ್ಡಿನಲ್ಲೇ ಅಡಗಿರುವ ಪುಟ್ಟ ತಂತ್ರಾಂಶ ಇದು. ಹೊಸ ಯಂತ್ರಗಳಲ್ಲಿ ಇದರ ಸುಧಾರಿತ ರೂಪಕ್ಕೆ ಯು.ಇ.ಎಫ್.ಐ. ಎನ್ನುತ್ತಾರೆ. ಕಂಪ್ಯೂಟರ್ ಚಾಲೂ ಆದ ಕೂಡಲೇ ಎಫ್-2 ಅಥವಾ ಡಿಲೀಟ್ ಕೀಲಿಯನ್ನು (ಕಂಪನಿಯಿಂದ ಕಂಪನಿಗೆ ಇದು ಬೇರೆಯಾಗಬಹುದು) ಮತ್ತೆ ಮತ್ತೆ ಒತ್ತಿದರೆ ಇದರ ಪರದೆ ತೆರೆಯುತ್ತದೆ. ಅಲ್ಲಿರುವ ಡ್ರೈವುಗಳ ಪಟ್ಟಿಯಲ್ಲಿ ಹೊಸ ಡ್ರೈವಿನ ಹೆಸರಿದೆಯೇ ನೋಡಿ. ಇದ್ದರೆ ಜೋಡಣೆ ಸರಿಯಾಗಿದೆ, ಉಳಿದ ಕೆಲಸ ವಿಂಡೋಸಿನದು. ಇಲ್ಲದಿದ್ದರೆ ಕೇಬಲ್ಲು, ಕಿಂಡಿ, ಹೊಂದಾಣಿಕೆಗಳ ಕಡೆ ಗಮನ ಕೊಡಬೇಕು.

ಬಯೋಸಿಗೆ ಕಂಡು ವಿಂಡೋಸಿಗೆ ಕಾಣದಿದ್ದರೆ

ಹೊಸ ಡ್ರೈವ್ ಎಂದರೆ ಅಳತೆಯಾಗದ ಬೀಳು ಭೂಮಿ. ನೆಲವೇನೋ ಇದೆ, ಆದರೆ ಸರ್ವೆ ನಂಬರಿಲ್ಲ, ಪಹಣಿಯಿಲ್ಲ. ಕಚೇರಿಯ ಕಡತದಲ್ಲಿ ಇಲ್ಲದ ಜಮೀನು ಲೆಕ್ಕಕ್ಕೆ ಬರುವುದು ಹೇಗೆ? ಹಾಗಾಗಿ 'ದಿಸ್ ಪಿಸಿ' ಕಿಟಕಿಯಲ್ಲಿ ಅದು ಕಾಣುವುದಿಲ್ಲ.

ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಹೊಸ ಡ್ರೈವನ್ನು 'ಇನಿಶಿಯಲೈಸ್' ಮಾಡಲೇ ಎಂದು ಅದು ಕೇಳುತ್ತದೆ. ಇದು ಸರ್ವೆ ಕಲ್ಲು ನೆಡುವ ಕೆಲಸ. ಜಿ.ಪಿ.ಟಿ., ಎಂ.ಬಿ.ಆರ್. ಎಂಬ ಎರಡು ಬಗೆಗಳಲ್ಲಿ ಇಂದಿನ ಯಂತ್ರಗಳಿಗೆ ಜಿ.ಪಿ.ಟಿ. ತಕ್ಕದ್ದು. ಯು.ಇ.ಎಫ್.ಐ. ಇಲ್ಲದ ಬಹು ಹಳೆಯ ಯಂತ್ರದಲ್ಲಿ ಅದೇ ಡ್ರೈವಿನಿಂದ ವಿಂಡೋಸ್ ಚಾಲೂ ಆಗಬೇಕಿದ್ದರೆ ಮಾತ್ರ ಎಂ.ಬಿ.ಆರ್. ಬೇಕು. ನಂತರ 'ಅನ್‌ಅಲೊಕೇಟೆಡ್' ಎಂಬ ಕಪ್ಪು ಪಟ್ಟಿಯ ಜಾಗದ ಮೇಲೆ ಬಲಗುಂಡಿ ಒತ್ತಿ 'ನ್ಯೂ ಸಿಂಪಲ್ ವಾಲ್ಯೂಮ್' ಆರಿಸಿ. ಅದು ಕೇಳಿದಂತೆ ಡ್ರೈವಿಗೊಂದು ಅಕ್ಷರ ಕೊಟ್ಟು ಮುಂದುವರಿದರೆ ಕೆಲಸ ಮುಗಿಯಿತು.

500 ಜಿ.ಬಿ. ಎಂದು ಕೊಂಡ ಡ್ರೈವು 465 ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರು ಜಿ.ಬಿ.ಗೆ ನೂರು ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ, 107 ಕೋಟಿಗೂ ಮಿಗಿಲಾದ ಸಂಖ್ಯೆಯಿಂದ ಭಾಗಿಸುತ್ತದೆ. ವಿದ್ಯಾರ್ಥಿಗಳು ಇದನ್ನು ಭಾಗಾಕಾರ ಮಾಡಿ ನೋಡಬಹುದು.

ಬಯೋಸಿಗೂ ಕಾಣದಿದ್ದರೆ

ಮೊದಲು ಕಂಪ್ಯೂಟರ್ ಆರಿಸಿ, ಪ್ಲಗ್ ಕಳಚಿ. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಿ. ಲೋಹದ ಚೌಕಟ್ಟನ್ನು ಮುಟ್ಟಿ ಮೈಯಲ್ಲಿನ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಳ್ಳಿ.

ಡೆಸ್ಕ್‌ಟಾಪಿನಲ್ಲಿ 'ಸಾಟಾ' ಡ್ರೈವಿಗೆ ಎರಡು ಕೇಬಲ್ ಬೇಕು: ಮಾಹಿತಿಗೆ 7 ಸಂಪರ್ಕಗಳ ಕಿರಿದಾದದ್ದು, ವಿದ್ಯುತ್ತಿಗೆ 15 ಸಂಪರ್ಕಗಳ ಅಗಲವಾದದ್ದು. ಒಂದನ್ನು ಮಾತ್ರ ಚುಚ್ಚಿ ಇನ್ನೊಂದನ್ನು ಮರೆಯುವುದುಂಟು. ಎರಡೂ ಇದ್ದರೆ ಕೇಬಲ್ ಬದಲಿಸಿ ನೋಡಿ, ಬಳಿಕ ಮದರ್‌ಬೋರ್ಡಿನ ಬೇರೊಂದು ಕಿಂಡಿಗೆ ಚುಚ್ಚಿ ನೋಡಿ.

ಚೂಯಿಂಗ್ ಗಮ್ ಪಟ್ಟಿಯಂತಿರುವ 'ಎಂ.2' ಡ್ರೈವಿನ ಕಥೆ ಸ್ವಲ್ಪ ತೊಡಕಿನದು. ನೋಡಲು ಒಂದೇ ತರಹ ಇದ್ದರೂ ಇದರಲ್ಲಿ ಸಾಟಾ ಮತ್ತು ಎನ್.ವಿ.ಎಂ.ಇ. ಎಂಬ ಎರಡು ಜಾತಿಗಳಿವೆ. ಸಾಟಾ ಕಿರುಗಾಲುವೆಯಾದರೆ ಎನ್.ವಿ.ಎಂ.ಇ. ದೊಡ್ಡ ನಾಲೆ. ಮೊದಲನೆಯದರಲ್ಲಿ ಸೆಕೆಂಡಿಗೆ 550 ಎಂ.ಬಿ. ಆಸುಪಾಸಿನ ಮಾಹಿತಿ ಹರಿದರೆ, ಎರಡನೆಯದರಲ್ಲಿ ಅದರ ಹಲವು ಪಟ್ಟು. ಸಾಮಾನ್ಯವಾಗಿ ಸಾಟಾ ಪಟ್ಟಿಯ ತುದಿಯಲ್ಲಿ ಎರಡು ಕಚ್ಚುಗಳೂ ಎನ್.ವಿ.ಎಂ.ಇ.ಯಲ್ಲಿ ಒಂದು ಕಚ್ಚೂ ಇರುತ್ತವೆ. ಕೆಲವು ಮದರ್‌ಬೋರ್ಡುಗಳು ಒಂದು ಜಾತಿಯನ್ನು ಮಾತ್ರ ಒಪ್ಪುತ್ತವೆ. ಇನ್ನೊಂದು ಸರಿಯಾಗಿ ಕೂತರೂ ಕಾಣುವುದಿಲ್ಲ. ಯಂತ್ರದ ಕೈಪಿಡಿ ನೋಡಿಯೇ ಕೊಳ್ಳುವುದು ಲೇಸು. ಎಂ.2 ಕಿಂಡಿ ಬಳಸಿದಾಗ ಒಂದೆರಡು ಸಾಟಾ ಕಿಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುವ ಬೋರ್ಡುಗಳೂ ಇವೆ. ಪಟ್ಟಿಯನ್ನು ಓರೆಯಾಗಿ ಪೂರ್ತಿ ಒಳತಳ್ಳಿ, ನಂತರ ಕೆಳಗೊತ್ತಿ ತಿರುಪು ಬಿಗಿಯಬೇಕು.

ವಿಂಡೋಸ್ ಹಾಕುವಾಗ ಮಾತ್ರ ಕಾಣದಿದ್ದರೆ

ಇಂಟೆಲ್ 11ನೇ ಪೀಳಿಗೆಯ ಮತ್ತು ನಂತರದ ಕೆಲವು ಲ್ಯಾಪ್‌ಟಾಪುಗಳಲ್ಲಿ ಬಯೋಸಿಗೆ ಡ್ರೈವ್ ಕಾಣುತ್ತದೆ, ವಿಂಡೋಸ್ ಸ್ಥಾಪಿಸುವ ಪಟ್ಟಿಯಲ್ಲಿ ಕಾಣುವುದಿಲ್ಲ. 'ವಿ.ಎಂ.ಡಿ.' ಎಂಬ ವ್ಯವಸ್ಥೆ ನಡುವೆ ನಿಂತಿರುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಸ್ಟೋರೇಜ್ ಡ್ರೈವರನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು 'ಲೋಡ್ ಡ್ರೈವರ್' ಆಯ್ಕೆಯಿಂದ ತುಂಬಿದರೆ ಡ್ರೈವ್ ಕಾಣಿಸಿಕೊಳ್ಳುತ್ತದೆ. ಈಗಾಗಲೇ ವಿಂಡೋಸ್ ಇರುವ ಯಂತ್ರದ ಬಯೋಸಿನಲ್ಲಿ ಈ ವ್ಯವಸ್ಥೆಯನ್ನು ಸುಮ್ಮನೆ ಬದಲಿಸಬೇಡಿ, ಇದ್ದ ವಿಂಡೋಸೂ ಏಳದೆ ಹೋಗಬಹುದು.

ಪೋಷಕರಿಗೆ ಒಂದು ಮಾತು

ಡ್ರೈವ್ ಹೋದರೆ ಇನ್ನೊಂದು ಕೊಳ್ಳಬಹುದು. ಮಗಳ ಪ್ರಾಜೆಕ್ಟ್ ವರದಿ, ತೀರಿಕೊಂಡ ಅಜ್ಜಿಯ ಫೋಟೋ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 'ಇನಿಶಿಯಲೈಸ್', 'ಫಾರ್ಮ್ಯಾಟ್' ಎಂಬವು ಖಾಲಿ ಡ್ರೈವಿಗೆ ಮಾತ್ರ. ಮಾಹಿತಿ ತುಂಬಿದ ಹಳೆಯ ಡ್ರೈವನ್ನು ಜೋಡಿಸಿದಾಗ ಕಂಪ್ಯೂಟರ್ ಈ ಪ್ರಶ್ನೆ ಕೇಳಿದರೆ ಒಪ್ಪಬೇಡಿ, ಅಲ್ಲಿಗೇ ನಿಲ್ಲಿಸಿ ತಿಳಿದವರ ಬಳಿ ಒಯ್ಯಿರಿ. ಹೊಸದಕ್ಕೆ ಒಪ್ಪಿಗೆ ಕೊಡುವಾಗಲೂ ಡಿಸ್ಕ್ 0, ಡಿಸ್ಕ್ 1 ಎಂಬ ಸಂಖ್ಯೆಯನ್ನೂ ಗಾತ್ರವನ್ನೂ ಎರಡೆರಡು ಬಾರಿ ಓದಿ. ಈ ಕೆಲಸಕ್ಕೆ ಕೈಹಾಕುವ ಮುನ್ನ ಮುಖ್ಯವಾದುದನ್ನೆಲ್ಲ ಬೇರೆಡೆ ನಕಲು ಮಾಡಿಟ್ಟಿರಿ.

ಇಷ್ಟೆಲ್ಲ ಮಾಡಿಯೂ ಕಾಣದಿದ್ದರೆ, ಅದೇ ಜಾತಿಯ ಡ್ರೈವನ್ನು ಒಪ್ಪುವ ಇನ್ನೊಂದು ಕಂಪ್ಯೂಟರಿಗೆ ಹಾಕಿ ನೋಡಿ. ಅಲ್ಲಿಯೂ ಕಾಣದಿದ್ದರೆ ಡ್ರೈವೇ ಕೆಟ್ಟಿರುವ ಸಂಭವ ಹೆಚ್ಚು. ಬಿಲ್ಲು ಜೋಪಾನವಾಗಿದ್ದರೆ ವಾರಂಟಿಯಲ್ಲಿ ಬದಲಿ ಕೇಳಬಹುದು.

ವಿದ್ಯಾರ್ಥಿಗಳೇ, ಪ್ರಯೋಗಾಲಯದ ಒಂದು ನಿಯಮವನ್ನು ಇಲ್ಲಿಯೂ ಪಾಲಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶವನ್ನು ಕಾಗದದ ಮೇಲೆ ಬರೆದಿಡಿ. ಕೇಬಲ್ಲು, ಕಿಂಡಿ, ಬಯೋಸ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಡ್ರೈವ್ ಕಂಡರೂ ಯಾವುದರಿಂದ ಕಂಡಿತೆಂದು ತಿಳಿಯುವುದಿಲ್ಲ. ಕೊನೆಗೆ ಅಂಗಡಿಗೇ ಹೋಗಬೇಕಾಗಿ ಬಂದರೂ ಆ ಚೀಟಿ ಅವರ ಅರ್ಧ ಕೆಲಸವನ್ನು ಉಳಿಸುತ್ತದೆ.