ಇಲಿಗೊಂದು ಪಿಸ್ತೂಲು!

ಮಲೆನಾಡಿನ ಸೆರಗಿನಲ್ಲಿರುವ ಅಳ್ನಾವರದಲ್ಲಿ ಮಳೆ ಹಿಡಿಯಿತೆಂದರೆ ಹೊಲದ ಇಲಿಗಳಿಗೂ ಬೆಚ್ಚನೆಯ ಮನೆ ಬೇಕಾಗುತ್ತದೆ. ವರ್ಷದ ಅನ್ನವಾದ ಭತ್ತದ ಚೀಲಕ್ಕೆ ತೂತು ಬೀಳುತ್ತದೆ. ಗೃಹಿಣಿ ಸುಟ್ಟ ಕೊಬ್ಬರಿಯ ಚೂರನ್ನು ಕೊಕ್ಕೆಗೆ ಸಿಕ್ಕಿಸಿ ತಂತಿಬೋನನ್ನು ಒಡ್ಡುತ್ತಾಳೆ. ಈ ಸರಳೋಪಾಯವು ಅಮೆರಿಕದ ಕೆಲವು ಮಹಾಶಯರಿಗೆ ಸಾಲದಾಯಿತು.

ಟೆಕ್ಸಾಸಿನ ಜೇಮ್ಸ್ ವಿಲಿಯಮ್ಸ್ ಎಂಬಾತ 1882ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿದ್ದುದು ಸಾಕ್ಷಾತ್ ರಿವಾಲ್ವರು! ಪ್ರಾಣಿಯು ಮುಂದಿನ ಹಲಗೆಯನ್ನು ತುಳಿದೊಡನೆ ಕುದುರೆ ಎಳೆಯಲ್ಪಟ್ಟು ಗುಂಡು ಹಾರಬೇಕು. ಇದನ್ನು ಬಾಗಿಲಿಗೆ ಜೋಡಿಸಿದರೆ ತೆರೆದವರನ್ನೂ ಕೊಲ್ಲಬಹುದೆಂದು ಆ ಪುಣ್ಯಾತ್ಮನೇ ಬರೆದಿಟ್ಟಿದ್ದಾನೆ. ನಡುರಾತ್ರಿ ನೀರು ಕುಡಿಯಲೆದ್ದ ಮಾವನವರ ಗತಿಯನ್ನು ವಾಚಕರೇ ಊಹಿಸಿಕೊಳ್ಳಲಿ.

ಬಾರಾಡ್ ಮತ್ತು ಮಾರ್ಕಾಫ್ ಎಂಬಿಬ್ಬರ 1908ರ ಪೇಟೆಂಟು ಅಹಿಂಸಾತ್ಮಕವಾದುದು. ತಿಂಡಿಯಾಸೆಗೆ ತಲೆ ತೂರಿಸಿದ ಇಲಿಯ ಕೊರಳಿಗೆ ಗೆಜ್ಜೆಪಟ್ಟಿ ಬೀಳುತ್ತದೆ. ಅದು ಝಣಝಣಿಸುತ್ತ ಬಿಲಕ್ಕೆ ಮರಳಿದಾಗ ಬಂಧುಬಳಗವೆಲ್ಲ ಬೆದರಿ ಊರು ಬಿಡಬೇಕು! ಬೆಕ್ಕಿಗೆ ಗಂಟೆ ಕಟ್ಟಲು ಸಭೆ ಸೇರಿದವರ ಕೊರಳಿಗೇ ಗಂಟೆ!

ಉಳಿದುಕೊಂಡದ್ದು ವಿಲಿಯಂ ಹೂಕರನು 1894ರಲ್ಲಿ ಪೇಟೆಂಟು ಪಡೆದ, ಹಲಗೆಗೆ ಸ್ಪ್ರಿಂಗು ಬಿಗಿದ ಸಾಧನದ ಜಾತಿಯದು.

ಆದರೆ ನಮ್ಮ ತಂತಿಬೋನಿನಲ್ಲಿ ಇಲಿ ಜೀವಂತವಾಗಿ ಸಿಕ್ಕುತ್ತದೆ. ಗಣಪತಿಯ ವಾಹನವನ್ನು ಕೊಲ್ಲಲು ಕೈ ಬಾರದೆ, ಬೆಳಗಾಗುತ್ತಲೇ ಅದನ್ನು ಪಕ್ಕದ ಓಣಿಯಲ್ಲಿ ಬಿಟ್ಟು ಬರುತ್ತಾರೆ. ಆ ಓಣಿಯವರೂ ಅಷ್ಟೇ ಧರ್ಮಭೀರುಗಳು.