ಕೊಳವೆ ಕಿತ್ತೆಸೆದ ಎಂಜಿನಿಯರ್

ಆಗ ಜರ್ಮನಿಯಲ್ಲಿದ್ದ ಷ್ಟೆಟಿನ್ ಬಂದರಿನಲ್ಲಿ ಹಡಗು ಕಟ್ಟುತ್ತಿದ್ದ ವಲ್ಕನ್ ಕಾರ್ಖಾನೆಗೆ ಹೊಸದೊಂದು ತಲೆನೋವು ಅಂಟಿಕೊಂಡಿತ್ತು. ಉಗಿ ಟರ್ಬೈನು ಬಂದಿತ್ತು. ಅದು ಜೋರಾಗಿ ತಿರುಗಿದರಷ್ಟೇ ಲಾಭ. ಪ್ರೊಪೆಲ್ಲರಿಗೋ ನಿಧಾನವೇ ಬೇಕು. ನಡುವೆ ಗೇರು ಕೂರಿಸೋಣವೆಂದರೆ, ಸಾವಿರಾರು ಅಶ್ವಶಕ್ತಿ ತಾಳುವಂಥ ಹಲ್ಲುಗಳನ್ನು ನಿಖರವಾಗಿ ಕೊರೆಯುವುದು ಆಗಿನ್ನೂ ಕೈಗೂಡಿರಲಿಲ್ಲ.

ಕೆಲಸ ಹರ್ಮನ್ ಫಾಟಿಂಗರ್ ಹೆಗಲಿಗೆ ಬಿತ್ತು. ಆತ ಓದಿದ್ದು ವಿದ್ಯುತ್ ವಿಭಾಗ. ಸಹಜವಾಗಿಯೇ ಡೈನಮೊ, ಮೋಟರು ಎಂದು ಲೆಕ್ಕ ಹಾಕಿದ. ತೂಕ, ಬೆಲೆ ಎರಡೂ ಹೆದರಿಸಿದವು. ಆಮೇಲೆ ನೀರಿನ ಕಡೆ ತಿರುಗಿದ: ಟರ್ಬೈನು ಒಂದು ಪಂಪನ್ನು ತಿರುಗಿಸಲಿ, ಆ ನೀರು ಕೊಳವೆಯಲ್ಲಿ ಹೋಗಿ ಇನ್ನೊಂದು ಚಕ್ರವನ್ನು ನಿಧಾನವಾಗಿ ತಿರುಗಿಸಲಿ. ಕಾಗದದ ಮೇಲೆ ಚೆಂದ. ಆದರೆ ಪಂಪು ಶೇ. 85, ಚಕ್ರ ಶೇ. 85 ಶಕ್ತಿ ಉಳಿಸಿಕೊಟ್ಟರೂ ಒಟ್ಟು ದಕ್ಕುವುದು ಶೇ. 72. ಕೊಳವೆ, ತಿರುವುಗಳು ನುಂಗುವುದು ಬೇರೆ.

ಫಾಟಿಂಗರ್ ಕೊಳವೆಗಳನ್ನೇ ಕಿತ್ತೆಸೆದ. ಎರಡೂ ಚಕ್ರಗಳನ್ನು ಎದುರುಬದುರಾಗಿ ಒಂದೇ ಡಬ್ಬಿಯೊಳಗೆ ಕೂರಿಸಿ, ನಡುವೆ ಅಲುಗಾಡದ ರೆಕ್ಕೆಗಳ ಮೂರನೆಯ ಚಕ್ರವೊಂದನ್ನು ನಿಲ್ಲಿಸಿದ. 1905ರಲ್ಲಿ ಪೇಟೆಂಟು ಸಿಕ್ಕಿತು. 1909ರ ಹೊತ್ತಿಗೆ ಪ್ರಯೋಗದ ದೋಣಿ ನೀರಿಗಿಳಿಯಿತು. 1913ರ ‘ಕೋನಿಗಿನ್ ಲೂಯಿಸ್’ ಹಡಗೂ ಇದನ್ನೇ ಹೊತ್ತು ಓಡಿತು. ಮರುವರ್ಷ ಮೊದಲ ಮಹಾಯುದ್ಧ ಶುರುವಾದ ಬೆನ್ನಲ್ಲೇ, ಸಮುದ್ರದಲ್ಲಿ ಸಿಡಿಗುಂಡು ಹುದುಗಿಸಲು ಹೋಗಿ ಅದು ಮುಳುಗಿತು. ಅಷ್ಟರಲ್ಲಿ ಒಳ್ಳೆಯ ಗೇರುಗಳೂ ಬಂದಿದ್ದವು. ಹಡಗಿನವರು ಫಾಟಿಂಗರನ ಡಬ್ಬಿಯನ್ನು ಕೈಬಿಟ್ಟರು.

ಉಳಿದಿದ್ದ ದೋಷವೂ ಸಣ್ಣದಲ್ಲ. ಎರಡು ಚಕ್ರಗಳ ವೇಗ ಸಮೀಪಿಸಿದೊಡನೆ ನಡುವಿನ ರೆಕ್ಕೆಗಳೇ ಹರಿವಿಗೆ ಅಡ್ಡ ಬರುತ್ತಿದ್ದವು. 1928ರ ಸುಮಾರಿಗೆ ಕಾರ್ಲ್ಸ್‌ರೂಹೆಯ ಟ್ರಿಲೋಕ್ ತಂಡ ಇದಕ್ಕೆ ಮದ್ದು ಕಂಡುಕೊಂಡಿತು: ಆ ರೆಕ್ಕೆಗಳನ್ನು ಒಂದೇ ದಿಕ್ಕಿಗೆ ತಿರುಗುವ, ಸೈಕಲ್ಲಿನ ಫ್ರೀವೀಲಿನಂಥ ಗುಂಬದ ಮೇಲೆ ಕೂರಿಸಿತು. ಇಷ್ಟು ಸರಳ ಸಂಗತಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿದದ್ದೇ ಸೋಜಿಗ! 1948ರ ಬ್ಯೂಯಿಕ್‌ನೊಂದಿಗೆ ಈ ಡಬ್ಬಿ ‘ಟಾರ್ಕ್ ಕನ್ವರ್ಟರ್’ ಎಂಬ ಹೆಸರಿನಲ್ಲಿ ಕಾರುಗಳಿಗೂ ಬಂತು. ಬಳಿಕ ಅದಿರು ಹೊತ್ತು ಏರು ಹತ್ತುವ ಡಂಪರುಗಳ ಹೊಟ್ಟೆ ಸೇರಿತು. ಬಳ್ಳಾರಿ ಜಿಲ್ಲೆಯ ಸಂಡೂರು ಬೆಟ್ಟಗಳಂಥ ಗಣಿಸೀಮೆಗೆ ಇಂಥ ಯಂತ್ರವೇ ಬೇಕಿತ್ತು.

ಒಳಗುಟ್ಟು ಇಷ್ಟೇ. ಗಾಲಿ ಸಿಕ್ಕಿಬಿದ್ದಾಗ, ನೀರಿನ ಬದಲು ಈಗ ಬಳಸುವ ಎಣ್ಣೆ ಹಿಮ್ಮುಖವಾಗಿ ಮರಳುತ್ತದೆ. ನಡುವಿನ ರೆಕ್ಕೆ ಅದನ್ನು ತಿರುಗಿಸಿ ಪಂಪಿಗೆ ನೆರವಾಗಿ ಕಳಿಸುತ್ತದೆ. ಹಾಗಾಗಿ ತಿರುಚುಬಲ ಸುಮಾರು ಎರಡು ಪಟ್ಟಾಗುತ್ತದೆ. ವೇಗ ಕೂಡಿದಾಗ ರೆಕ್ಕೆ ತಾನೂ ತಿರುಗಿ ದಾರಿ ಬಿಡುತ್ತದೆ. ವಾಹನಕ್ಕೆ ತಕ್ಕ ಕನ್ವರ್ಟರ್ ಆರಿಸುವ ಕೀಲಿ ‘ಸ್ಟಾಲ್’ ವೇಗ, ಎಂದರೆ ಗಾಲಿ ಕದಲದಿದ್ದಾಗ ಎಂಜಿನ್ ಮುಟ್ಟಬಲ್ಲ ಗರಿಷ್ಠ ಸುತ್ತು. ಅದು ಎಂಜಿನ್ನಿನ ತಿರುಚುಬಲ ತುದಿಗೇರುವ ಸುತ್ತಿಗೆ ಹತ್ತಿರವಿರಬೇಕು. ಹೆಚ್ಚಾದರೆ ಸಿರುಗುಪ್ಪದ ಗದ್ದೆಯ ಕೆಸರಿನಲ್ಲಿ ತೆವಳುವಾಗ ಎಣ್ಣೆ ಕಾಯುತ್ತದೆ; ಕಡಿಮೆಯಾದರೆ ಎಂಜಿನ್ ತಡವರಿಸುತ್ತದೆ. ಎಣ್ಣೆ ತಂಪುಗೊಳಿಸುವ ಕೂಲರ್ ಕೆಸರಿಗೆ ಬೇಕು. ಚಕ್ರಗಳೆರಡನ್ನೂ ಬೆಸೆದು ಜಾರಿಕೆ ನಿಲ್ಲಿಸುವ ಲಾಕಪ್ ಕ್ಲಚ್, ಕುರುಗೋಡಿನಿಂದ ಬಳ್ಳಾರಿಗೆ ಹೋಗುವ ಡಾಂಬರು ರಸ್ತೆಗೆ.