ತನ್ನನ್ನು ತಾನೇ ಹಳಿದುಕೊಳ್ಳುವ ಅಭ್ಯಾಸ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರಿಗೆ ಆಷಾಢ-ಶ್ರಾವಣಗಳ ಎಡೆಬಿಡದ ಮಳೆಯು ಚಿಂತೆಯ ಕಾಲ. ಕೊಳೆರೋಗ ತಗುಲಿತೆಂದರೆ ಎಳೆಯ ಅಡಕೆಕಾಯಿಗಳು ಕೊಳೆತು ಮರದ ಬುಡಕ್ಕೆ ಉದುರುತ್ತವೆ. ವರ್ಷದ ಫಸಲು ಕಣ್ಣೆದುರಿಗೇ ಹಾಳಾಗುವ ನೋವು ಸಾಮಾನ್ಯವಾದುದಲ್ಲ. ಆದರೂ "ಈ ಮರವೇ ಕೆಟ್ಟದ್ದು" ಎಂದು ಕೊಡಲಿಯೆತ್ತುವ ತೋಟಿಗನನ್ನು ನಾವು ಕಾಣೆವು. ಮದ್ದು ಹೊಡೆಯುವುದು ತಡವಾಯಿತೇ, ಮಳೆ ಬಿಡುವು ಕೊಡಲಿಲ್ಲವೇ ಎಂದು ಆತನು ಕಾರಣವನ್ನು ಅರಸುತ್ತಾನೆ.

ವಿಜ್ಞಾನದ ದಾರಿಯೂ ಇದೇ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್‌ಮನ್ನರು ಈ ರೋಗವನ್ನು ಅಭ್ಯಸಿಸಿ, ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯೇ ಇದಕ್ಕೆ ಮೂಲವೆಂದು 1910ರಲ್ಲಿ ವಿವರಿಸಿದರು. ಕಾರಣವು ತಿಳಿದುದರಿಂದ ಉಪಾಯವೂ ದೊರೆಯಿತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಸೇರಿದ ಬೋರ್ಡೋ ದ್ರಾವಣವು ಇಂದಿಗೂ ತೋಟಗಳನ್ನು ಕಾಯುತ್ತಿದೆ.

ಆದರೆ ಇದೇ ತೋಟದ ಮನೆಯ ವಿದ್ಯಾರ್ಥಿಗೆ ಗಣಿತದಲ್ಲಿ ಅಂಕಗಳು ಕಡಿಮೆಯಾದರೆ ಏನಾಗುತ್ತದೆ? ಕಾರಣವನ್ನು ಹುಡುಕುವ ಬದಲು "ನಾನು ದಡ್ಡ, ಯಾವುದಕ್ಕೂ ಬಾರದವನು" ಎಂದು ತೀರ್ಪು ಕೊಟ್ಟುಕೊಳ್ಳುತ್ತಾನೆ. ಹೀಗೆ ಹಳಿದುಕೊಂಡರೆ ಮುಂದೆ ಚೆನ್ನಾಗಿ ಓದುತ್ತೇವೆಂಬುದು ನಮ್ಮಲ್ಲನೇಕರ ನಂಬಿಕೆ.

ಪ್ರಯೋಗಗಳು ಬೇರೆಯನ್ನೇ ಹೇಳುತ್ತವೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ 119 ಮಂದಿ ವಿದ್ಯಾರ್ಥಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೊದಲ ಪರೀಕ್ಷೆಗೆ ಓದದೆ ಕಾಲಹರಣ ಮಾಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಮುನ್ನ ಕಾಲಹರಣವನ್ನು ಕಡಿಮೆ ಮಾಡಿದ್ದರು. 2012ರಲ್ಲಿ ಬ್ರೈನ್ಸ್ ಮತ್ತು ಚೆನ್ ಎಂಬ ಸಂಶೋಧಕರು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಿಗೆ ಕಠಿಣವಾದ ಪದಪರೀಕ್ಷೆಯನ್ನಿತ್ತರು. "ಇದು ಅನೇಕರಿಗೆ ಕಷ್ಟವೇ, ನಿಮ್ಮನ್ನು ಹಳಿದುಕೊಳ್ಳಬೇಡಿ" ಎಂಬ ಮಾತನ್ನು ಕೇಳಿದವರು ಮರುಪರೀಕ್ಷೆಗಾಗಿ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಹಳಿತದಿಂದ ತಪ್ಪನ್ನು ನೋಡುವುದೇ ನೋವಾಗುತ್ತದೆ. ನೋವಿಗೆ ಅಂಜಿದ ಮನಸ್ಸು ಪುಸ್ತಕದಿಂದಲೇ ದೂರ ಸರಿಯುತ್ತದೆ.

ಹಾಗಾದರೆ ನಾವು ಮಾಡಬೇಕಾದುದೇನು? ಒಂದು ಹಾಳೆಯಲ್ಲಿ ಮೂರು ಸಂಗತಿಗಳನ್ನು ಬರೆಯೋಣ: ನಡೆದುದೇನು, ಗೆಳೆಯನಿಗೆ ಹೀಗಾಗಿದ್ದರೆ ನಾವು ಆಡುತ್ತಿದ್ದ ಮಾತೇನು, ನಾಳೆ ಮಾಡಬಹುದಾದ ಒಂದು ಕೆಲಸವೇನು. ಇದು ತಪ್ಪನ್ನು ಮುಚ್ಚಿಡುವ ಉಪಾಯವಲ್ಲ, ತಪ್ಪನ್ನು ನಿರ್ಭಯವಾಗಿ ನೋಡುವ ಕ್ರಮ. ಆದರೂ ಮನಸ್ಸಿನ ಭಾರವು ಇಳಿಯದಿದ್ದರೆ ಮನೆಯ ಹಿರಿಯರಿಗೋ ಉಪಾಧ್ಯಾಯರಿಗೋ ಹೇಳಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆ ಮಾಡಬಹುದು.

ಕೊಳೆ ಬಂದ ವರ್ಷದ ಮರಕ್ಕೂ ತೋಟಿಗನು ಸೊಪ್ಪು, ಗೊಬ್ಬರಗಳನ್ನು ಹಾಕುತ್ತಾನೆ. ಮರಕ್ಕೆ ತೋರುವ ಆ ತಾಳ್ಮೆಯನ್ನು ನಮಗೆ ನಾವು ತೋರಿಕೊಳ್ಳುವುದು ಅನುಚಿತವೇನಲ್ಲ.